ಸುಣ್ಣದ ಗೂಡಿಗೆ ಹೂಂ ಅನ್ನದ ಸೊಸೆ

ಒಂದಾನೊಂದು ಕಾಲದಲ್ಲಿ ಅಂದ್ರೆ, ನಮ್ಮಜ್ಜಿಗೆ ಅವಳಜ್ಜಿ ಹೇಳಿದ ಕಾಲದಲ್ಲಿ, ಬಿಳಿಗುಡ್ಡ ಅಂತ ಒಂದು ಊರಿತ್ತಂತೆ. ಈ ಕಡೆ ತಿರುಗಿ ಮಲಕ್ಕೋ ಚಿನ್ನಿ, ಕಾಲು ಹೊದಿಕೆ ಒಳಗೆ ಎಳ್ಕೋ. ಇವತ್ತಿಂದು ರಾಜಕುಮಾರಿ ಕತೆ ಅಲ್ಲ, ನಗೋ ಕತೆನೂ ಅಲ್ಲ. ಆದ್ರೂ ಹೆಣ್ಣುಮಗು ಕೇಳಬೇಕಾದ ಕತೆ, ಅದಕ್ಕೇ ಹೇಳ್ತಿದ್ದೀನಿ. ನಿಮ್ಮಪ್ಪ ಚಿಕ್ಕವನಿದ್ದಾಗ ಅವನಿಗೂ ಹೇಳಿದ್ದೆ, ಅರ್ಧಕ್ಕೇ ಗೊರಕೆ ಹೊಡೆದ.

ಆ ಊರಿನವರ ಕಸುಬು ಸುಣ್ಣ ಸುಡೋದು. ಗುಡ್ಡದಿಂದ ಸುಣ್ಣದ ಕಲ್ಲು ಒಡ್ಕೊಂಡು ಬರೋದು, ಬಾವಿ ಹಾಗೆ ದುಂಡಗೆ ಕಟ್ಟಿದ ಗೂಡು ಇರುತ್ತಲ್ಲ, ಅದರೊಳಗೆ ಗಂಡಸರು ಇಳಿದು ಒಂದು ಸಾಲು ಕಟ್ಟಿಗೆ ಒಂದು ಸಾಲು ಕಲ್ಲು ಅಂತ ಅಡುಕೋದು, ಆಮೇಲೆ ಬೆಂಕಿ ಹಾಕೋದು. ಕಲ್ಲು ಬೆಂದು ಸುಣ್ಣ ಆಗೋಕೆ ಐದಾರು ದಿನ ಬೇಕು. ಸುಣ್ಣ ತೆಗೆದ ಮೇಲೂ ಗೂಡಿನ ಗೋಡೆ ಒಳಗೊಳಗೇ ಕಾದಿರುತ್ತಂತೆ. ಹೊರಗಿಂದ ನೋಡಿದ್ರೆ ಗೊತ್ತೇ ಆಗೋದಿಲ್ಲ. ಆರಿದೆ ಅಂತ ಅಂದ್ಕೊಂಡು ಒಳಗೆ ಇಳಿದು ಕಟ್ಟಿಗೆ ಅಡುಕಿದ್ರೆ, ಕಟ್ಟಿಗೆ ಭಗ್ ಅಂತ ಹತ್ಕೊಂಡು, ಒಳಗಿದ್ದವನು ಒಳಗೇ ಹೋಗಿಬಿಡ್ತಾನೆ. ಹಾಗೆ ಹೋದವರೂ ಇದ್ರಂತೆ ಆ ಊರಲ್ಲಿ.

ಅದಕ್ಕೆ ಅವರು ಒಂದು ಪದ್ಧತಿ ಮಾಡ್ಕೊಂಡಿದ್ರು. ಗೂಡು ಖಾಲಿ ಆದ ಮೇಲೆ, ಅದು ಯಾರದ್ದೋ ಆ ಮನೆ ಸೊಸೆ ಬಂದು ಗೋಡೆ ಮೇಲೆ ಬರೀ ಕೈ ಇಡಬೇಕು. ಎಲ್ಲಾ ಸೊಸೆಯರೂ ಅಲ್ಲ, ಆ ಮನೇಲಿ ಮಗು ಹೆತ್ತ ಸೊಸೆ. ಹೆತ್ತವಳ ಅಂಗೈಗೆ ಕಾವು ತಿಳಿಯುತ್ತೆ, ಮಗುವಿಗೆ ಜ್ವರ ಬಂದಿದ್ಯೋ ಇಲ್ವೋ ಅಂತ ಮುಟ್ಟಿ ಹೇಳೋ ಕೈ ಅದು ಅಂತ ಅವರ ನಂಬಿಕೆ. ಅವಳು ಗೋಡೆ ಸುತ್ತ ಕೈ ಆಡಿಸಿ, ನಿಂತು, ಮತ್ತೆ ಮುಟ್ಟಿ, ಹೂಂ ಅನ್ನಬೇಕು. ಅವಳು ಹೂಂ ಅನ್ನೋ ತನಕ ಮನೆ ಯಜಮಾನ ಇರಲಿ, ಊರ ಗೌಡ ಇರಲಿ, ಒಂದು ಕಡ್ಡಿನೂ ಒಳಗೆ ಹಾಕೋ ಹಾಗಿಲ್ಲ.

ಆ ಊರಲ್ಲಿ ಗುಡ್ಡಪ್ಪ ಅಂತ ಒಬ್ಬ ಯಜಮಾನ, ಅವನ ಹೆಂಡತಿ ಬೋರಮ್ಮ. ಅವರಿಗೆ ಮೂರು ಜನ ಗಂಡುಮಕ್ಕಳು. ಗುಡ್ಡಪ್ಪನ ಅಣ್ಣನೇ ಒಬ್ಬ ಆತುರ ಮಾಡಿ, ಸೊಸೆ ಬಂದು ಕೈ ಇಡೋಕೆ ಮುಂಚೆ ಗೂಡಿಗೆ ಇಳಿದು ಸತ್ತಿದ್ದನಂತೆ. ಅದನ್ನ ಕಣ್ಣಾರೆ ನೋಡಿದವನು ಗುಡ್ಡಪ್ಪ. ಹಾಗಾಗಿ ಬೇರೆ ಯಾವ ವಿಷಯಕ್ಕೂ ಹೆಂಗಸರ ಮಾತು ಕೇಳದೆ ಇದ್ರೂ ಗೂಡಿನ ವಿಷಯಕ್ಕೆ ಮಾತ್ರ ಬಾಯಿ ಮುಚ್ಕೊಂಡು ಕಾಯ್ತಿದ್ದ.

ಆಮೇಲೆ ಒಂದಿನ ಏನಾಯ್ತಂತೆ, ಒಬ್ಬ ಬುಡುಬುಡಿಕೆಯವನು ಬಂದು, ಯಜಮಾನ, ನಿನಗೆ ಏಳು ಜನ ಮೊಮ್ಮಕ್ಕಳಾಗ್ತಾರೆ, ಏಳೂ ಗಂಡು, ಏಳು ಗೂಡು ಎಬ್ಬಿಸ್ತಾರೆ, ಏಳನೆಯವನು ಹುಟ್ಟೋ ತನಕ ನಿನ್ನ ಮನೆ ತೊಟ್ಟಿಲು ಇಳಿಸಬೇಡ ಅಂದು, ಮೊರದ ತುಂಬ ರಾಗಿ ಇಸ್ಕೊಂಡು ಹೋದನಂತೆ. ಅವನು ಎಲ್ಲಾ ಊರಲ್ಲೂ ಹಾಗೇ ಹೇಳ್ತಾನೆ, ರಾಗಿ ಎಷ್ಟು ಕೊಟ್ರೆ ಅಷ್ಟು ಮೊಮ್ಮಕ್ಕಳು. ಆದ್ರೆ ಗುಡ್ಡಪ್ಪನ ತಲೇಲಿ ಅದು ಗಟ್ಟಿಯಾಗಿ ಕೂತುಬಿಡ್ತು.

ತೊಟ್ಟಿಲು ಇಳಿಸೋದು ಅಂದ್ರೆ ಏನು ಅಂತ ಹೇಳ್ತೀನಿ ಕೇಳು. ಆ ಊರಲ್ಲಿ ಮೊದಲನೇ ಮಗುವಿಗೆ ಅಂತ ತೊಲೆಗೆ ಕಟ್ಟಿದ ತೊಟ್ಟಿಲು ಹಾಗೇ ಇರುತ್ತೆ. ಮಗು ಇರಲಿ ಬಿಡಲಿ ಅದು ತೂಗ್ತಾನೇ ಇರುತ್ತೆ. ಇನ್ನು ಸಾಕು ಅಂತ ಯಜಮಾನ ಹೇಳಿದ ದಿನ ಅದನ್ನ ಬಿಚ್ಚಿ, ತೊಳೆದು, ಅಟ್ಟದ ಮೇಲೆ ಇಡ್ತಾರೆ. ಅವತ್ತಿಂದ ಗಂಡ ತನ್ನ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬರಬೇಕು. ಆ ಸೊಸೆಗೆ ಇನ್ನೊಂದು ಹೆರು ಅಂತ ಯಾರೂ ಹೇಳೋ ಹಾಗಿಲ್ಲ. ತೊಟ್ಟಿಲು ಮೇಲಿರೋ ತನಕ ಅವಳು ಬೇಡ ಅನ್ನೋ ಹಾಗೂ ಇಲ್ಲ. ಯಾರು ಮಾಡಿದ್ರು ಈ ಕಟ್ಟಳೆ ಅಂತ ಕೇಳ್ತೀಯ? ಹೆರದೇ ಇರೋರು ಮಾಡಿದ್ರು, ಇನ್ಯಾರು.

ದೊಡ್ಡ ಮಗನಿಗೆ ಮದುವೆ ಮಾಡಿದ್ರು. ದೊಡ್ಡ ಸೊಸೆ ಬಂದ್ಲು, ಗಟ್ಟಿಮುಟ್ಟಾದ ಹುಡುಗಿ, ನಗ್ತಾ ಕಲ್ಲು ಹೊರ್ತಿದ್ಲಂತೆ. ವರ್ಷಕ್ಕೊಂದು ಹೆತ್ಲು. ನಾಲ್ಕು ಆಯ್ತು. ಸಾಕಾಗಿದೆ ಅತ್ತೆ ಅಂತ ಬೋರಮ್ಮನ ಹತ್ತಿರ ಅತ್ಲು. ಬೋರಮ್ಮ ಸುಮ್ಮನಿದ್ಲು. ಐದನೇದು ಹೆರೋವಾಗ ಹೋಗ್ಬಿಟ್ಲು, ಮಗುನೂ ಉಳೀಲಿಲ್ಲ. ಆಮೇಲೆ ನಡುವಿನವನಿಗೆ ಮದುವೆ ಮಾಡಿದ್ರು. ನಡುವಿನ ಸೊಸೆ ಸಣಕಲಿ, ಪಾಪ, ಎರಡಕ್ಕೇ ಮೈಯಲ್ಲಿ ರಕ್ತ ಇರ್ಲಿಲ್ಲ. ಮೂರನೇದಕ್ಕೆ ಅವಳೂ ಹೋದ್ಲು, ಆ ಮಗುನೂ ಹೋಯ್ತು. ಊರವರು ಬಂದು ಅತ್ತು, ಹಣೇಬರಹ ಅಂದು, ಊಟ ಮಾಡಿ ಹೋದ್ರಂತೆ.

ಆಮೇಲೆ ಕಿರಿಯವನಿಗೆ ಮದುವೆ. ಅವನ ಹೆಸರು ಓಬಳ. ಹೆಂಡತಿ ಹೆಸರು ಕೆಂಚವ್ವ. ಬಂದ ದಿನವೇ ಆರು ತಬ್ಬಲಿ ಮಕ್ಕಳು ಅವಳ ಸೆರಗು ಹಿಡ್ಕೊಂಡ್ವಂತೆ. ಅವಳೇ ಅವಕ್ಕೆ ಎಣ್ಣೆ ಹಚ್ಚಿ, ತಲೆ ಬಾಚಿ, ಉಣ್ಣಿಸಿ ಮಲಗಿಸೋಳು. ಅದರ ಮೇಲೆ ತಾನೂ ಮೂರು ಹೆತ್ಲು. ಎಲ್ಲಾ ಸೇರಿ ಒಂಬತ್ತು ಮಕ್ಕಳು ಮನೇಲಿ. ಅದರಲ್ಲಿ ಐದು ಗಂಡು, ನಾಲ್ಕು ಹೆಣ್ಣು. ಹೆಣ್ಣುಮಕ್ಕಳನ್ನ ಗುಡ್ಡಪ್ಪ ಎಣಿಸ್ತಾನೇ ಇರ್ಲಿಲ್ಲ. ಹೌದು ಕಣೆ, ಎದುರಿಗೇ ಓಡಾಡ್ತಿದ್ರೂ ಎಣಿಸ್ತಿರ್ಲಿಲ್ಲ.

ಕೆಂಚವ್ವನ ಮೂರನೇ ಹೆರಿಗೆ ಮೂರು ದಿನ ಹಿಡೀತಂತೆ. ಹುಟ್ಟಿದ್ದು ಹೆಣ್ಣು. ಸೂಲಗಿತ್ತಿ ಹಾಲಜ್ಜಿ ಅಂತ, ಊರಿನ ಅರ್ಧ ಜನರನ್ನ ಕೈಯಲ್ಲಿ ಹಿಡಿದು ಭೂಮಿಗೆ ಇಳಿಸಿದವಳು. ಅವಳು ಕೈ ತೊಳ್ಕೊಂಡು ಬಂದು ಕೆಂಚವ್ವನ ಪಕ್ಕ ಕೂತು ಮೆಲ್ಲಗೆ ಹೇಳಿದ್ಲಂತೆ, ನೋಡು ಮಗಾ, ಈ ಸಲ ಎಳ್ಕೊಂಡು ಬಂದಿದ್ದೀನಿ ನಿನ್ನ, ಇನ್ನೊಂದು ಸಲ ನನ್ನ ಕೈಲಾಗೋದಿಲ್ಲ. ಇನ್ನೊಂದು ಬಸುರಾದ್ರೆ ನೀನು ಉಳಿಯೋಲ್ಲ. ಇದನ್ನ ನಿನ್ನ ಹಿಂದಿನ ಇಬ್ಬರಿಗೂ ಹೇಳಿದ್ದೆ.

ಕೆಂಚವ್ವ ಆ ಮಾತು ಕೇಳಿ ಅಳಲಿಲ್ಲವಂತೆ. ಬಾಣಂತನ ಮುಗಿಯೋ ತನಕ ಸುಮ್ಮನಿದ್ದು, ಆಮೇಲೆ ಗಂಡನ ಹತ್ತಿರ ಹೋದ್ಲು. ನಾನು ಬದುಕಬೇಕು, ತೊಟ್ಟಿಲು ಇಳಿಸೋಕೆ ಹೇಳಿ ಅಂದ್ಲು. ಓಬಳ ಕೆಟ್ಟವನಲ್ಲ. ಅವಳು ಅಂದ್ರೆ ಪ್ರಾಣ ಅವನಿಗೆ. ಆದ್ರೆ ಅಪ್ಪನ ಮುಂದೆ ಬಾಯಿ ಬಿಡೋ ಧೈರ್ಯ ಇಲ್ಲ. ಅಮ್ಮನ್ನ ಕೇಳು ಅಂದ, ಕಲ್ಲು ಒಡೆಯೋಕೆ ಹೋದ. ಕೆಂಚವ್ವ ಅತ್ತೆ ಹತ್ತಿರ ಹೋದ್ಲು. ಬೋರಮ್ಮ ಬೀಸೋ ಕಲ್ಲಿನ ಮುಂದೆ ಕೂತಿದ್ಲು. ಎಲ್ಲಾ ಕೇಳಿಸ್ಕೊಂಡ್ಲು. ಕೇಳಿಸ್ಲೇ ಇಲ್ಲ ಅನ್ನೋ ಹಾಗೆ ಇನ್ನೊಂದು ಹಿಡಿ ರಾಗಿ ಹಾಕಿ ಬೀಸಿದ್ಲಂತೆ. ಕೆಂಚವ್ವನಿಗೆ ಅವತ್ತು ಅತ್ತೆ ಮೇಲೆ ಬಂದ ಸಿಟ್ಟು ಮಾವನ ಮೇಲೂ ಬಂದಿರ್ಲಿಲ್ಲ.

ಕೊನೆಗೆ ಮಾವನ ಮುಂದೆಯೇ ಹೋಗಿ ನಿಂತ್ಲು. ಸೊಸೆ ಮಾವನ ಎದುರು ನಿಂತು ಮಾತಾಡೋ ಕಾಲ ಅಲ್ಲ ಅದು, ಬಾಗಿಲ ಹಿಂದೆ ನಿಂತು ಮಾತಾಡಬೇಕು. ಅವಳು ಎದುರಿಗೇ ನಿಂತ್ಲು. ಮಾವ, ಗೂಡನ್ನ ಒಂದು ಸಲ ಸುಟ್ಟ ಮೇಲೆ ಆರೋಕೆ ಬಿಡ್ತೀರಿ, ನನ್ನನ್ನೂ ಬಿಡಿ. ಇರೋ ಗೂಡು ಒಂದು, ಇರೋ ಮಕ್ಕಳು ಒಂಬತ್ತು. ಏಳು ಬೇಕು ಅಂದ್ರಿ, ಎರಡು ಹೆಚ್ಚೇ ಇದಾವೆ ಅಂದ್ಲು. ಗುಡ್ಡಪ್ಪ ನಕ್ಕನಂತೆ. ಹೆಣ್ಣನ್ನ ಯಾರಮ್ಮ ಎಣಿಸ್ತಾರೆ ಅಂದ. ಅವಳು ಹಾಲಜ್ಜಿ ಹೇಳಿದ್ದನ್ನ ಹೇಳಿದ್ಲು, ನನ್ನ ಮೈ ಸೋತಿದೆ, ನನಗೆ ಗೊತ್ತಾಗ್ತಿದೆ ಅಂದ್ಲು. ಅದಕ್ಕೆ ಅವನು, ಹೆಂಗಸಿಗೆ ತನ್ನ ಮೈ ವಿಷಯ ಏನು ಗೊತ್ತಾಗುತ್ತೆ, ಹೋಗು ಒಳಗೆ ಅಂದನಂತೆ.

ಅವಳು ಒಳಗೆ ಹೋದ್ಲು. ಆ ಮಾತು ಮಾತ್ರ ಅವಳ ಎದೆಯೊಳಗೆ ಹಾಗೇ ಉಳ್ಕೊಳ್ತು.

ಆಮೇಲೆ ಬೇಸಿಗೆ ಬಂತು. ಆ ಸೀಮೆ ದೊರೆ ಒಂದು ದೊಡ್ಡ ಕೆರೆ ಕಟ್ಟಿಸ್ತಿದ್ದ. ಏರಿ ಎದ್ದಿತ್ತು, ತೂಬಿಗೆ ಸುಣ್ಣದ ಗಾರೆ ಮೆತ್ತೋದು ಬಾಕಿ. ಮಳೆ ಬೀಳೋಕೆ ಮುಂಚೆ ಗಾರೆ ಒಣಗಬೇಕು, ಇಲ್ಲಾಂದ್ರೆ ಕೆರೆ ನಿಲ್ಲೋದಿಲ್ಲ. ದೊರೆ ಕಡೆಯವನು ಬಂದು, ಗುಡ್ಡಪ್ಪ, ಹುಣ್ಣಿಮೆಗೆ ಒಂದು ಗೂಡು ಸುಣ್ಣ ಬೇಕು, ಆಗುತ್ತಾ ಅಂತ ಕೇಳಿದ. ಗುಡ್ಡಪ್ಪ ಮೀಸೆ ತಿರುವಿ ಆಗುತ್ತೆ ಅಂದ. ಗೂಡು ಖಾಲಿ ಇತ್ತು, ಕಲ್ಲು ರಾಶಿ ಬಿದ್ದಿತ್ತು, ಕಟ್ಟಿಗೆ ಇತ್ತು. ಸೊಸೆಯನ್ನ ಕರ್ಕೊಂಡು ಬನ್ನಿ, ಕೈ ಇಡಲಿ ಅಂದ.

ಕೆಂಚವ್ವ ಬಂದ್ಲು. ಕೂಸನ್ನ ಹೆಗಲಿಗೆ ಒರಗಿಸ್ಕೊಂಡು ಬಂದು ಗೂಡಿನ ಮುಂದೆ ನಿಂತ್ಲು. ಕೈ ಮಾತ್ರ ಇಡ್ಲಿಲ್ಲ. ಮಾವ, ನನ್ನ ಮೈ ವಿಷಯನೇ ನನಗೆ ಗೊತ್ತಿಲ್ಲ ಅಂದ್ರಿ, ಇನ್ನು ಗೂಡಿನ ಮೈ ವಿಷಯ ನನಗೆ ಹೇಗೆ ಗೊತ್ತಾಗುತ್ತೆ, ನೀವೇ ಮುಟ್ಟಿ ನೋಡ್ಕೊಳ್ಳಿ ಅಂತ ಹೇಳಿ ಮನೆಗೆ ಹೊರಟು ಹೋದ್ಲಂತೆ.

ಮೊದಲನೇ ದಿನ ಗುಡ್ಡಪ್ಪ ಕೂಗಾಡಿದ. ಇವಳನ್ನ ತವರಿಗೆ ಅಟ್ಟಿಬಿಡ್ತೀನಿ, ಒಂದು ಮಗುನೂ ಜೊತೇಲಿ ಕಳಿಸೋಲ್ಲ, ಮಗನಿಗೆ ಬೇರೆ ತರ್ತೀನಿ ಅಂದ. ಒಂಬತ್ತು ಮಕ್ಕಳನ್ನ ಬಿಟ್ಟು ಹೋಗೋದು ಅಂದ್ರೆ ಕೆಂಚವ್ವನಿಗೆ ಸಾಯೋದೇ. ಆದ್ರೂ ಬಾಗಿಲು ದಾಟಿ ಗೂಡಿನ ಹತ್ತಿರ ಬರ್ಲಿಲ್ಲ. ಎರಡನೇ ದಿನ ಓಬಳ ಬಂದು ಪಕ್ಕದಲ್ಲಿ ಕೂತ. ಹೂಂ ಅಂದ್ಬಿಡೆ, ಆಮೇಲೆ ಏನಾದ್ರೂ ಮಾಡೋಣ ಅಂದ. ನಾನು ಸತ್ತ ಮೇಲೆ ಏನು ಮಾಡ್ತೀರಿ ಅಂತ ಅವಳು ಕೇಳಿದ್ಲು. ಅವನು ಎದ್ದು ಹೋಗ್ಲಿಲ್ಲ, ಅಲ್ಲೇ ಕೂತು ಗಂಡಸು ಅಳಬಾರದು ಅನ್ನೋದನ್ನ ಮರೆತು ಅತ್ತನಂತೆ.

ಮೂರನೇ ದಿನ ದೊರೆ ಕಡೆಯವನು ಮತ್ತೆ ಬಂದ. ಗೂಡಿನ ಸುತ್ತ ಊರೆಲ್ಲ ಸೇರಿತ್ತು. ಬೇರೆ ಮನೆ ಸೊಸೆ ಯಾರಾದ್ರೂ ಕೈ ಇಡಲಿ ಅಂದ ಅವನು. ಆಗೋದಿಲ್ಲ, ಆಯಾ ಮನೆ ಗೂಡಿಗೆ ಆಯಾ ಮನೇಲಿ ಹೆತ್ತವಳೇ ಆಗಬೇಕು ಅಂದ್ರು ಊರವರು. ಹಾಗಾದ್ರೆ ನಿನಗೆ ಮೂರು ಸೊಸೆಯರಲ್ವ, ಇನ್ನಿಬ್ಬರು ಎಲ್ಲಿ ಅಂತ ಕೇಳಿದ. ಆ ಇಬ್ಬರೂ ಎಲ್ಲಿದ್ದಾರೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆಗ ಯಾರೋ ಒಬ್ಬ, ಬೋರಮ್ಮ ಇದ್ದಾಳಲ್ಲ, ಅವಳೂ ಒಂದು ಕಾಲಕ್ಕೆ ಈ ಮನೆ ಸೊಸೆನೇ, ಅವಳೂ ಇಲ್ಲೇ ಹೆತ್ತವಳು ಅಂದ. ಗುಡ್ಡಪ್ಪನಿಗೆ ಹೋದ ಜೀವ ಬಂದ ಹಾಗಾಯ್ತು. ಬಾರೆ ಇಲ್ಲಿ ಅಂತ ಕರೆದ. ದೊಡ್ಡ ಸೊಸೆ ಮೊದಲನೇದು ಹೆತ್ತಾಗಿನಿಂದ ಬೋರಮ್ಮ ಗೂಡಿಗೆ ಕೈ ಇಟ್ಟಿರ್ಲಿಲ್ಲ. ಮೊಣಕಾಲು ಹಿಡ್ಕೊಂಡು ಮೆಲ್ಲಗೆ ಬಂದ್ಲು. ಆ ಗೂಡು ಎಷ್ಟು ಆರಿತ್ತು ಅಂದ್ರೆ, ಅದರ ಬುಡದ ಬೆಂಕಿ ಬಾಯಲ್ಲಿ ಬೀದಿ ನಾಯಿ ಒಂದು ಮುದುಡಿ ಮಲಗಿತ್ತಂತೆ. ಅದು ತಣ್ಣಗಿದೆ ಅಂತ ಹೇಳೋಕೆ ಯಾರ ಕೈಯೂ ಬೇಕಿರ್ಲಿಲ್ಲ. ಆದ್ರೆ ಪದ್ಧತಿ ಪದ್ಧತಿನೇ.

ಬೋರಮ್ಮ ಎರಡೂ ಕೈ ಗೋಡೆ ಮೇಲೆ ಇಟ್ಲು. ಕಣ್ಣು ಮುಚ್ಕೊಂಡ್ಲು. ಗುಡ್ಡಪ್ಪ ಕೇಳಿದ, ಏನು, ಆರಿದ್ಯಾ?

ಇನ್ನೂ ಬಿಸಿ ಇದೆ ಅಂದ್ಲು ಬೋರಮ್ಮ.

ಒಂದಿಬ್ಬರು ನಕ್ರಂತೆ. ಗುಡ್ಡಪ್ಪನಿಗೆ ಕೇಳಿಸಿದ್ದು ಸರಿ ಅನ್ನಿಸ್ಲಿಲ್ಲ. ಸರಿಯಾಗಿ ಮುಟ್ಟಿ ನೋಡು, ಆರಿದ್ಯಾ ಅಂತ ಎರಡನೇ ಸಲ ಕೇಳಿದ. ಅವಳು ಗೂಡಿನ ಸುತ್ತ ಒಂದು ಸುತ್ತು ಬಂದು, ಕೈ ಇಟ್ಟು ಇಟ್ಟು ನೋಡಿ, ಬಿಸಿ ಇದೆ ಅಂದ್ಲು. ಈಗ ಯಾರೂ ನಗ್ಲಿಲ್ಲ. ಹೆಂಗಸರು ಒಬ್ಬೊಬ್ಬರೇ ಹಿಂದಿನಿಂದ ಮುಂದೆ ಬಂದು ನಿಂತ್ರಂತೆ.

ಮೂರನೇ ಸಲ ಗುಡ್ಡಪ್ಪ ಕೂಗಲಿಲ್ಲ, ದನಿ ತಗ್ಗಿಸಿ ಕೇಳಿದ. ನಾಯಿ ಮಲಗಿದೆ ಕಣೆ ಅಲ್ಲಿ, ಯಾಕೆ ಹೀಗೆ ಹೇಳ್ತೀಯ?

ಆಗ ಬೋರಮ್ಮ ಗೋಡೆಯಿಂದ ಕೈ ತೆಗೀದೇನೇ ಹೇಳಿದ್ಲಂತೆ. ನನಗೆ ಬಿಸಿ ಹತ್ತುತ್ತಿದೆ. ನಾನು ಹನ್ನೊಂದು ಹೆತ್ತೆ, ನಿಮಗೆ ಉಳಿದ ಮೂರು ಮಾತ್ರ ನೆನಪಿರಬೇಕು. ಏಳನೇದು ಆದಾಗ ಸಾಕು ಅಂತ ನಿಮ್ಮಮ್ಮನ ಕಾಲು ಹಿಡ್ಕೊಂಡೆ, ನೀವು ಅಲ್ಲೇ ಕೂತು ಎಲೆ ಅಡಿಕೆ ಹಾಕ್ತಿದ್ರಿ. ಅವತ್ತು ಬಾಯಿ ಮುಚ್ಚಿದವಳು ನಾನು ಮತ್ತೆ ತೆಗೀಲಿಲ್ಲ. ದೊಡ್ಡ ಸೊಸೆ ನನ್ನ ಕೈ ಹಿಡ್ಕೊಂಡು ಕೇಳಿದ್ಲು, ನಾನು ಸುಮ್ಮನಿದ್ದೆ. ನಡುವಿನವಳು ಕೇಳಿದ್ಲು, ಸುಮ್ಮನಿದ್ದೆ. ನಾನು ಒಂದು ಮಾತು ಆಡಿದ್ರೆ ಎರಡು ಜೀವ ಉಳೀತಿತ್ತೇನೋ. ಮೊನ್ನೆ ಇವಳೂ ಕೇಳಿದ್ಲು, ಬೀಸೋ ಕಲ್ಲು ತಿರುಗಿಸ್ತಾ ಕೂತೆ. ಇವತ್ತು ನನ್ನ ಮಾತು ನಡೆಯೋ ಜಾಗ ಇದೊಂದೇ, ಅದಕ್ಕೆ ಇಲ್ಲಿ ಹೇಳ್ತಿದ್ದೀನಿ. ಬಿಸಿ ಇದೆ. ಯಾರೂ ಒಳಗೆ ಇಳಿಯೋ ಹಾಗಿಲ್ಲ.

ಗುಡ್ಡಪ್ಪ ಗೂಡಿನ ಹತ್ತಿರ ಹೋಗಿ ತಾನೂ ಗೋಡೆ ಮುಟ್ಟಿದ. ಮಣ್ಣಿನ ಮಡಕೆ ಹಾಗೆ ತಣ್ಣಗಿತ್ತು. ತಣ್ಣಗಿದೆ, ಇವಳು ಸುಳ್ಳು ಹೇಳ್ತಿದ್ದಾಳೆ ಅಂತ ಅವನು ಊರ ಮುಂದೆ ಹೇಳಬಹುದಿತ್ತು. ಕೈ ಅಲ್ಲೇ ಇಟ್ಕೊಂಡು ಬಹಳ ಹೊತ್ತು ನಿಂತನಂತೆ, ಏನೇನು ಲೆಕ್ಕ ಹಾಕಿದನೋ, ಯಾರ ಯಾರ ಮುಖ ನೆನಪಾಯ್ತೋ. ಆಮೇಲೆ ಹೆಂಡತಿಯನ್ನ ಕೇಳಿದ, ಯಾವಾಗ ಆರುತ್ತೆ?

ನನ್ನ ಯಾಕೆ ಕೇಳ್ತೀರಿ, ಹೇಳಬೇಕಾದವಳು ಮನೇಲಿದ್ದಾಳೆ, ಹೋಗಿ ಕೇಳಿ ಅಂದ್ಲು ಬೋರಮ್ಮ.

ಗುಡ್ಡಪ್ಪ ಮನೆ ಕಡೆ ನಡೆದ. ಜನ ದಾರಿ ಬಿಟ್ರು. ಕೆಂಚವ್ವ ತೊಟ್ಟಿಲು ತೂಗ್ತಿದ್ಲು, ಮಾವನನ್ನ ಕಂಡು ಎದ್ದು ನಿಂತ್ಲು. ಈಗ ತವರಿಗೆ ಕಳಿಸ್ತಾರೆ ಅಂತಾನೇ ಅವಳು ಅಂದ್ಕೊಂಡಿದ್ದು. ಗುಡ್ಡಪ್ಪ ಹೊಸಿಲ ಹೊರಗೇ ನಿಂತ. ಅಷ್ಟು ವರ್ಷ ಏ ಇವಳೇ ಅಂತ ಕರೀತಿದ್ದವನು ಅವತ್ತು ಮೊದಲ ಸಲ ಹೆಸರು ಹಿಡಿದು ಕರೆದನಂತೆ.

ಕೆಂಚವ್ವ, ಸಾಕಾ ತಾಯಿ?

ಸಾಕು ಮಾವ ಅಂದ್ಲು ಅವಳು. ಅಷ್ಟು ಸಣ್ಣ ಪ್ರಶ್ನೆ, ಅಷ್ಟು ಸಣ್ಣ ಉತ್ತರ. ಅಷ್ಟು ಕೇಳೋಕೆ ಆ ಮನೇಲಿ ಎರಡು ಹೆಣ ಬೀಳಬೇಕಾಯ್ತು ನೋಡು. ಹೇಳ್ತಾ ನನಗೇ ಹೊಟ್ಟೆ ಉರಿಯುತ್ತೆ.

ಆಮೇಲೆ ಗುಡ್ಡಪ್ಪ ಒಳಗೆ ಬಂದು, ತೊಟ್ಟಿಲಲ್ಲಿದ್ದ ಹೆಣ್ಣುಕೂಸನ್ನ ತಾನೇ ಎತ್ಕೊಂಡ. ಹೇಗೆ ಹಿಡೀಬೇಕು ಅಂತ ಗೊತ್ತಿಲ್ಲ ಅವನಿಗೆ, ಕೂಸಿನ ತಲೆ ಜೋತು ಬೀಳ್ತಿತ್ತು. ಕೆಂಚವ್ವ ಕತ್ತಿನ ಕೆಳಗೆ ಕೈ ಕೊಟ್ಟು ಹೀಗೆ ಅಂತ ತೋರಿಸಿದ್ಲು. ಓಬಳ ತೊಲೆ ಹತ್ತಿ ಹಗ್ಗ ಬಿಚ್ಚಿದ. ಹಗ್ಗ ಹಳೇದಾಗಿ ಗಂಟು ಬಿಗಿದುಹೋಗಿತ್ತು, ಹಲ್ಲಿನಲ್ಲಿ ಕಚ್ಚಿ ಎಳೀಬೇಕಾಯ್ತಂತೆ. ತೊಟ್ಟಿಲು ಕೆಳಗೆ ಬಂತು. ಬೋರಮ್ಮ ಅದನ್ನ ಸೀಗೆಪುಡಿ ಹಾಕಿ ತೊಳೆದು ಬಿಸಿಲಿಗೆ ಇಟ್ಲು. ಇಟ್ಟು ಬಂದು ಸೊಸೆ ಮುಂದೆ ನಿಂತು, ನನ್ನ ಮೇಲೆ ಸಿಟ್ಟಿದ್ಯಾ ಅಂತ ಕೇಳಿದ್ಲು. ಇದೆ ಅತ್ತೆ ಅಂದ್ಲು ಕೆಂಚವ್ವ. ಇರಲಿ, ಇರಬೇಕು ಅಂದ್ಲು ಬೋರಮ್ಮ. ಆಮೇಲೆ ಇಬ್ಬರೂ ಒಟ್ಟಿಗೆ ಕೂತು ಅತ್ರಂತೆ, ಹೋದ ಆ ಇಬ್ಬರು ಹುಡುಗಿಯರಿಗೋಸ್ಕರ.

ಅವತ್ತು ಸಂಜೆ ಒಳಗೆ ಕೆಂಚವ್ವ ಗೂಡಿನ ಹತ್ತಿರ ಹೋಗಿ, ನಾಯಿಯನ್ನ ಎಬ್ಬಿಸಿ, ಗೋಡೆ ಮೇಲೆ ಕೈ ಇಟ್ಟು ಹೂಂ ಅಂದ್ಲು. ಗಂಡಸರು ಇಳಿದು ಕಲ್ಲು ಅಡುಕಿದ್ರು. ಹುಣ್ಣಿಮೆಗೆ ಸುಣ್ಣ ಹೋಯ್ತು, ಕೆರೆ ನಿಂತ್ಕೊಳ್ತು.

ಆಮೇಲೆ ಊರವರು ಗೌಡನ ಮುಂದೆ ಕೂತು ಮಾತಾಡಿ ಕಟ್ಟಳೆ ಬದಲಾಯಿಸಿದ್ರಂತೆ. ಸುಲಭಕ್ಕೆ ಆಗ್ಲಿಲ್ಲ ಬಿಡು, ಮುದುಕರು ಬಹಳ ಗೊಣಗಿದ್ರು, ಎರಡು ವರ್ಷ ಎಳೆದಾಡಿದ್ರು. ಕೊನೆಗೆ, ತೊಟ್ಟಿಲು ಕಟ್ಟೋಕೆ ಮುಂಚೆನೂ ಹೆರೋವಳನ್ನ ಕೇಳಬೇಕು, ಇಳಿಸೋಕೂ ಅವಳೇ ಹೇಳಬೇಕು ಅಂತ ಆಯ್ತು. ಬೇಕು ಅಂದವರು ಆರೂ ಹೆತ್ರು, ಯಾರೂ ಬೇಡ ಅನ್ನಲಿಲ್ಲ. ಒಂದೇ ಸಾಕು ಅಂದವಳಿಗೂ ಯಾರೂ ಏನೂ ಅನ್ನಲಿಲ್ಲ. ಎರಡರ ನಡುವೆ ನಾಲ್ಕು ವರ್ಷ ಬಿಡ್ತೀನಿ ಅಂದವಳಿಗೆ ಹಾಲಜ್ಜಿ, ಜಾಣೆ ನೀನು ಅಂದ್ಲು. ಗುಡ್ಡಪ್ಪನಿಗೆ ಏಳು ಗೂಡು ಆಗ್ಲೇ ಇಲ್ಲ. ಮೂರು ಆದ್ವು. ಬುಡುಬುಡಿಕೆಯವನು ಮತ್ತೆ ಬಂದಾಗ ಬೋರಮ್ಮ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಬಾಯಿ ತೆರೆಯೋಕೆ ಮುಂಚೆನೇ ಕಳಿಸಿದ್ಲಂತೆ.

ಕೆಂಚವ್ವ ಏನಾದ್ಲು ಅಂತ ಕೇಳ್ತೀಯ? ರಾಣಿ ಆಗ್ಲಿಲ್ಲ, ಚಿನ್ನದ ಹಂಡೆ ಸಿಗ್ಲಿಲ್ಲ, ದೇವರು ಪ್ರತ್ಯಕ್ಷ ಆಗ್ಲಿಲ್ಲ. ಒಂಬತ್ತು ಮಕ್ಕಳನ್ನೂ ಸಾಕಿದ್ಲು. ಕೂದಲು ಗೂಡಿನ ಸುಣ್ಣದ ಹಾಗೆ ಬೆಳ್ಳಗಾಗೋದನ್ನ ತಾನೇ ಕನ್ನಡೀಲಿ ನೋಡ್ಕೊಂಡ್ಲು. ಹಲ್ಲು ಬಿದ್ದ ಮೇಲೆ ಮುದ್ದೆ ನುಂಗೋಕಾಗ್ದೆ ಸೊಸೆಯರನ್ನ ಬೈದ್ಲು. ಮರಿಮಕ್ಕಳ ಹೆಸರು ಮರೆತು ಒಬ್ಬರ ಹೆಸರಲ್ಲಿ ಇನ್ನೊಬ್ಬರನ್ನ ಕರೆದ್ಲು.

ಬದುಕಿದ್ಲು ಕಣೆ ಅವಳು. ಅಷ್ಟೇ ಕತೆ, ಇಲ್ಲಿಗೆ ಮುಗೀತು.